ಮೈಕಿನ ಕಿವುಡು ಬೆನ್ನು

ಸ್ಪೀಕರಿನ ವೈರು ಎಲ್ಲೋ ಕಿತ್ತುಹೋಗಿರಬೇಕು ಅಂತಲೇ ಅವಳು ಮೊದಲು ಅಂದುಕೊಂಡಳು.

ಬೆಳಗಿನ ಪಾಳಿ ಇನ್ನೂ ಶುರುವಾಗಿರಲಿಲ್ಲ. ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಯಂತ್ರಗಳೆಲ್ಲ ಬಾಯಿ ಮುಚ್ಚಿಕೊಂಡು ಸಾಲಾಗಿ ನಿಂತಿದ್ದವು. ತಗಡಿನ ಚಾವಣಿಯ ಕೆಳಗೆ ಕಂಬ ಕಂಬಕ್ಕೂ ಬಿಗಿದಿದ್ದ ಸ್ಪೀಕರುಗಳಿಂದ, ಅವಳೇ ಕೈಯಾರೆ ರೆಕಾರ್ಡು ಮಾಡಿದ್ದ ಹಾಡು ಬರುತ್ತಿತ್ತು. ಕೊಳಲು ಬಂತು. ಪಿಟೀಲು ಬಂತು. ಪಿಟೀಲು ಒಂದು ಏರು ಹತ್ತಿ, ಉಸಿರು ಹಿಡಿದು ನಿಲ್ಲುವ ಕಡೆ ಚಿಕ್ಕಮ್ಮನ ಡೋಲು ಬೀಳಬೇಕು. ಬೀಳಲಿಲ್ಲ. ಪಿಟೀಲು ಯಾರಿಗೋ ಕಾದು, ಯಾರೂ ಬರದೆ, ಪೆಚ್ಚುಮೋರೆ ಹಾಕಿಕೊಂಡು ತಾನೇ ಕೆಳಗಿಳಿಯಿತು.

ಅವಳು ಏಣಿ ಎಳೆದುಕೊಂಡು ಹತ್ತಿದಳು. ವೈರು ಸರಿಯಾಗಿತ್ತು. ಮುಂದಿನ ಕಂಬಕ್ಕೆ ಹೋಗಿ ಹತ್ತಿದಳು. ಅದೂ ಸರಿಯಾಗಿತ್ತು. ಸ್ಪೀಕರಿಗೆ ಕಿವಿ ಹಚ್ಚಿದಳು. ಸ್ಟುಡಿಯೋದಲ್ಲಿ ಅವಳಿಗೆ ‘ಹಾವುಗಿವಿ’ ಅಂತಲೇ ಹೆಸರು; ಪಕ್ಕದ ಕೋಣೆಯಲ್ಲಿ ಗಡಿಯಾರ ನಿಂತರೂ ಗೊತ್ತಾಗುತ್ತದೆ ಅಂತ ತಮಾಷೆ ಮಾಡುತ್ತಿದ್ದರು. ಆ ಕಿವಿಗೂ ಡೋಲು ಸಿಗಲಿಲ್ಲ. ಅದರ ನೆರಳೂ ಸಿಗಲಿಲ್ಲ.

ಬೀಗದ ಕೈ ಗೊಂಚಲು ಆಡಿಸುತ್ತ ಶೆಡ್ಡಿನ ಮೇಸ್ತ್ರಿ ಬಂದ.

“ಏನ್ ಮೇಡಂ, ಬೆಳ್ ಬೆಳಗ್ಗೆ ಸ್ಪೀಕರ್ ಜೊತೆ ಗುಟ್ಟು ಮಾತಾಡ್ತಿದ್ದೀರಾ?”

“ಡೋಲು ಬರ್ತಿಲ್ಲ ರೀ.”

“ಯಾವ ಡೋಲು?”

“ಹಾಡಲ್ಲಿರೋ ಡೋಲು. ನಾನೇ ರೆಕಾರ್ಡ್ ಮಾಡಿದ್ದಲ್ವಾ, ನಂಗೊತ್ತಿಲ್ವಾ?”

“ಓ, ಅದಾ!” ಮೇಸ್ತ್ರಿ ಹಲ್ಲು ಕಿರಿದ. “ಅದನ್ನ ತೆಗೆಸಿದ್ದೇ ನಾವು. ನಿಮ್ಮ ಸ್ಟುಡಿಯೋ ಯಜಮಾನರು ಹೇಳಲಿಲ್ವಾ?”

ಅವಳು ಏಣಿಯ ಮೇಲೇ ಕೂತುಬಿಟ್ಟಳು.

“ಮೊನ್ನೆ ಹಾಕಿ ನೋಡಿದ್ವಿ,” ಅಂದ ಮೇಸ್ತ್ರಿ. “ಎಲ್ಲ ಚೆನ್ನಾಗೇ ಹೋಗ್ತಿತ್ತು. ಹಾಡು ಇದ್ರೆ ಕೈ ಚುರುಕಾಗುತ್ತೆ ಅಂತ ಮೇಲಿನವರ ಲೆಕ್ಕಾಚಾರ. ಆ ಡೋಲು ಬಿತ್ತು ನೋಡಿ, ಇಡೀ ಶೆಡ್ಡು ಗಪ್‌ಚುಪ್! ಒಬ್ಬಳಾದ ಮೇಲೆ ಒಬ್ಬಳು ಅಲ್ಲ, ಎಲ್ಲರೂ ಒಟ್ಟಿಗೇ ಮಗ್ಗ ನಿಲ್ಲಿಸಿಬಿಟ್ರು. ದೆವ್ವ ಮೆಟ್ಟಿದ ಹಾಗೆ ಕತ್ತು ಎತ್ತಿ ಆ ಕಡೆ ಈ ಕಡೆ ನೋಡ್ತಾರೆ! ಯಾಕ್ರಮ್ಮ ಅಂದ್ರೆ ಒಬ್ಬಳಾದ್ರೂ ಬಾಯಿ ಬಿಡಬೇಕಲ್ಲ? ಒಬ್ಬಳು ‘ನೂಲು ಕಡೀತು ಅಣ್ಣ’ ಅಂತಾಳೆ, ಇನ್ನೊಬ್ಬಳು ‘ನಂದೂ ಕಡೀತು’ ಅಂತಾಳೆ. ಎಲ್ಲರ ನೂಲೂ ಒಂದೇ ಸಲ ಕಡಿಯೋಕೆ ಇದೇನು ಜಾದೂನಾ? ಅದಕ್ಕೇ ಆ ಡೋಲು ಬೇಡ್ರಪ್ಪಾ ಅಂದ್ವಿ. ನಿಮ್ಮವರು ಸಂಜೆಯೊಳಗೆ ತೆಗೆದು ಕಳಿಸಿದ್ರು. ಚಕಾಚಕ್ ಕೆಲಸ!”

ಡೋಲು ತೆಗೆದದ್ದು ಒಂದು ಗಾಬರಿ. ಅಷ್ಟು ನೀಟಾಗಿ ತೆಗೆಯಲು ಹೇಗೆ ಸಾಧ್ಯವಾಯಿತು ಅನ್ನುವುದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಗಾಬರಿ ಅದು.

ಹೊರಗೆ ಪಾಳಿಯ ಸೈರನ್ ಕೂಗಿತು. ಅವಳು ಏಣಿ ಇಳಿದು, ಯಾರ ಮುಖವನ್ನೂ ನೋಡದೆ ಗೇಟು ದಾಟಿದಳು.

ರೆಕಾರ್ಡಿಂಗ್ ನಡೆದದ್ದು ಸ್ಟುಡಿಯೋದ ದೊಡ್ಡ ಹಾಲಿನಲ್ಲಿ. ದೊಡ್ಡದು ಅಂತ ಹೆಸರಿಗೆ. ಬರಿಗೋಡೆ, ಸಿಮೆಂಟು ನೆಲ, ಉದ್ದಕ್ಕೂ ಗಾಜಿನ ಕಿಟಕಿ. ಒಂದು ಚಪ್ಪಾಳೆ ತಟ್ಟಿದರೆ ಗೋಡೆಗೆ ಬಡಿದು, ಗಾಜಿಗೆ ಬಡಿದು, ಚಪ್ಪಾಳೆಯ ಮರಿಗಳೆಲ್ಲ ಕೋಣೆ ತುಂಬ ಓಡಾಡುತ್ತಿದ್ದವು. ಅಂಥ ಕಡೆ ಮೂರು ವಾದ್ಯ ಒಟ್ಟಿಗೆ ನುಡಿಸಿದರೆ ಸಂತೆಯೇ. ಕೊಳಲಿನ ಮೈಕಿಗೆ ಡೋಲು ಸೋರುತ್ತದೆ, ಪಿಟೀಲಿನ ಮೈಕಿಗೆ ಕೊಳಲು ಸೋರುತ್ತದೆ, ಅದರ ಮೇಲೆ ಗೋಡೆಗಳು ಕೇಳದೇ ಕೊಟ್ಟ ಉತ್ತರ ಬೇರೆ.

ಈ ಸೋರಿಕೆ ನಿಲ್ಲಿಸುವುದರಲ್ಲಿ ಅವಳ ಕೈ ಪಳಗಿತ್ತು. ಮನೆಯಿಂದ ಹಾಸಿಗೆ ತಂದಿದ್ದಳು, ಪಕ್ಕದ ಮನೆಯವರಿಂದ ಕಂಬಳಿ ಬೇಡಿ ತಂದಿದ್ದಳು, ಸ್ಟುಡಿಯೋ ಯಜಮಾನರ ಹಳೆಯ ಕೋಟನ್ನೂ ಬಿಟ್ಟಿರಲಿಲ್ಲ. ಗಾಜಿಗೆಲ್ಲ ಕಂಬಳಿ ಹೊದಿಸಿದಳು. ನೆಲಕ್ಕೆ ಜಮಖಾನ ಹಾಸಿದಳು. ಚಿಕ್ಕಮ್ಮನನ್ನು ಮೂಲೆಯಲ್ಲಿ ಕೂರಿಸಿ ಸುತ್ತ ಹಾಸಿಗೆಗಳ ಬೇಲಿ ನಿಲ್ಲಿಸಿದಳು.

“ಏನೇ ಇದು, ಹಾಸಿಗೆ ಸುತ್ತಿ ನನ್ನನ್ನ ಊರು ಬಿಡಿಸ್ತೀಯಾ?” ಅಂದಿದ್ದಳು ಚಿಕ್ಕಮ್ಮ ಒಳಗಿಂದ.

“ನಿನ್ನ ಸದ್ದು ಎಲ್ಲರ ಮೈಕಿಗೂ ಸೋರುತ್ತೆ ಚಿಕ್ಕಮ್ಮ.”

“ಸೋರಲಿ ಬಿಡೇ. ಜೊತೆಗೆ ಕೂತು ನುಡಿಸೋದು ಅಂದ್ರೆ ಇನ್ನೇನು?”

“ಹಾಗಲ್ಲ ಅದು. ನಿಂಗೆ ಗೊತ್ತಾಗಲ್ಲ, ಸುಮ್ನಿರು.”

ಪಿಟೀಲು ಮಾವನೂ ಗೊಣಗಿದ್ದ. ಮಾವ ಅಂದರೆ ರಕ್ತದ ನಂಟೇನಿಲ್ಲ, ಚಿಕ್ಕಮ್ಮನ ಜೊತೆ ಸಭೆ, ಮೆರವಣಿಗೆ ಅಂತ ಊರೆಲ್ಲ ನುಡಿಸುತ್ತ ತಿರುಗಿ ಮಾವನಾದವನು. “ಅವಳ ಮೋರೆ ಕಾಣದಿದ್ರೆ ನಾನು ಎಲ್ಲಿ ಇಳೀಬೇಕು ಅಂತ ಹೇಗೆ ಗೊತ್ತಾಗುತ್ತೆ?” ಅಂದಿದ್ದಕ್ಕೆ ಅವನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಬಾಯಿ ಮುಚ್ಚಿಸಿದ್ದಳು. ಕೊಳಲಿನವನಂತೂ ಬಾಗಿಲಾಚೆಯ ಚಿಕ್ಕ ಕೋಣೆ ಸೇರಿದ್ದ.

ಮೈಕುಗಳನ್ನು ಇಡುವುದರಲ್ಲಿ ಅವಳ ನಿಜವಾದ ಕಸುಬು ಇತ್ತು. ಮೈಕಿಗೆ ಒಂದು ಮುಖ, ಒಂದು ಬೆನ್ನು. ಮುಖದೆದುರು ಪಿಸುಗುಟ್ಟಿದರೂ ಹಿಡಿದುಕೊಳ್ಳುತ್ತದೆ. ಬೆನ್ನ ಹಿಂದೆ ಬೊಬ್ಬೆ ಹೊಡೆದರೂ ಅದಕ್ಕೆ ಅಷ್ಟಕ್ಕಷ್ಟೆ. ಆ ಬೆನ್ನು ಕಿವುಡು. ಯಾವ ಸದ್ದು ಬೇಡವೋ ಅದರ ಕಡೆಗೆ ಆ ಕಿವುಡು ಬೆನ್ನು ತಿರುಗಿಸಬೇಕು. ಪಿಟೀಲಿನ ಮೈಕನ್ನು ಒಂದು ಕೂದಲೆಳೆಯಷ್ಟು ಆಚೆ, ಒಂದು ಕೂದಲೆಳೆಯಷ್ಟು ಈಚೆ ಸರಿಸುತ್ತ, ಕೇಳುತ್ತ, ಮತ್ತೆ ಸರಿಸುತ್ತ, ಕೊನೆಗೆ ಅದರ ಬೆನ್ನು ನೇರ ಚಿಕ್ಕಮ್ಮನ ಮೂಲೆಗೆ ಬರುವಂತೆ ಬಿಗಿದಿದ್ದಳು.

ಆಮೇಲೆ ಪಿಟೀಲನ್ನೊಂದೇ ಹಾಕಿ ಕೇಳಿದಾಗ ಅವಳ ಮೈ ಜುಮ್ಮೆಂದಿತ್ತು. ಮಾವನ ಉಸಿರು ಕೇಳುತ್ತಿತ್ತು, ಕುರ್ಚಿ ಕಿರ್ರೆಂದದ್ದು ಕೇಳುತ್ತಿತ್ತು. ಅಷ್ಟು ಜೋರಾಗಿ ಬಾರಿಸಿದ್ದ ಡೋಲಿನ ಒಂದು ಸೊಲ್ಲೂ ಇರಲಿಲ್ಲ. ಇದಕ್ಕಿಂತ ಶುದ್ಧವಾಗಿ ಮಾಡುವವರು ಯಾರಿದ್ದಾರೋ ಬರಲಿ ಅಂತ ಅವತ್ತು ಎದೆಯುಬ್ಬಿಸಿ ಮನೆಗೆ ಹೋಗಿದ್ದಳು.

ಈಗ ಸ್ಟುಡಿಯೋದಲ್ಲಿ ಯಜಮಾನ ಟೀ ಹೀರುತ್ತಿದ್ದ. ಅವಳು ಗಿರಣಿಯಿಂದ ಬಂದ ರಭಸಕ್ಕೆ ಲೋಟ ಕೆಳಗಿಟ್ಟ.

“ಡೋಲು ಎಲ್ಲಿ ಸಾರ್?”

“ಕೂತ್ಕೋಮ್ಮ, ಕೂತ್ಕೋ. ನಾನೇ ಹೇಳೋಣ ಅಂತಿದ್ದೆ. ಗಿರಣಿಯವರಿಗೆ ಬೇಡವಂತೆ, ತೆಗೆದೆ. ನಿನ್ನ ಕೆಲಸಕ್ಕೆ ಒಂದು ದೊಡ್ಡ ನಮಸ್ಕಾರ ಹಾಕಬೇಕು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಒಂದು ಬಟನ್ ಒತ್ತಿದೆ, ಡೋಲು ಮಾಯ. ಕೊಳಲಲ್ಲಿ ಒಂದು ಚೂರು ಇಲ್ಲ, ಪಿಟೀಲಲ್ಲಿ ಒಂದು ಚೂರು ಇಲ್ಲ. ಹಳೇ ಕಾಲದವರ ಥರ ಎಲ್ಲರನ್ನೂ ಸುತ್ತ ಕೂರಿಸಿ ಹಿಡಿದಿದ್ರೆ, ನಮ್ಮಪ್ಪನಾಣೆ ಆಗ್ತಿರಲಿಲ್ಲ.”

ಕೆನ್ನೆಗೆ ಹೊಡೆದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಹೊಗಳಿದ್ದನ್ನು ತಡೆಯಲಾಗಲಿಲ್ಲ.

“ಚಿಕ್ಕಮ್ಮನಿಗೆ ಹೇಳಿದ್ರಾ?”

“ಎಲ್ಲರಿಗೂ ಹೇಳಿದ ಹಾಗೇನೇ ಆಯ್ತು ಬಿಡು. ಪಿಟೀಲಿನವರಿಗೆ ಫೋನ್ ಮಾಡಿ, ಡೋಲಿನವರು ಒಪ್ಪಿದ್ದಾರೆ ಅಂದೆ. ಕೊಳಲಿನವನಿಗೆ, ಪಿಟೀಲಿನವರು ಒಪ್ಪಿದ್ದಾರೆ ಅಂದೆ. ಇಬ್ಬರೂ ಹೂಂ ಅಂದ್ರು. ಇಬ್ಬರು ಹೂಂ ಅಂದ ಮೇಲೆ ಮೂರನೆಯವರದ್ದು ಏನಿರುತ್ತೆ?”

ಯಜಮಾನ ಕೆಟ್ಟವನ ಹಾಗೆ ಮಾತಾಡುತ್ತಿರಲಿಲ್ಲ. ಅದೇ ಭಯ ಹುಟ್ಟಿಸುವಂಥದ್ದು. ಟೀಗೆ ಸಕ್ಕರೆ ಕಡಿಮೆಯಾಯಿತು ಅನ್ನುವ ದನಿಯಲ್ಲೇ ಹೇಳುತ್ತಿದ್ದ. ಅವಳ ಕಣ್ಣ ಮುಂದೆ ಆ ಹಾಲು ಬಂತು: ಹಾಸಿಗೆಯೊಳಗೊಬ್ಬಳು, ಬಾಗಿಲಾಚೆ ಒಬ್ಬ, ಹೆಡ್‌ಫೋನ್ ಕಟ್ಟಿಕೊಂಡು ಒಬ್ಬ. ಒಬ್ಬರ ಮೋರೆ ಒಬ್ಬರಿಗೆ ಕಾಣದ ಹಾಗೆ ಅವಳೇ ಕೂರಿಸಿಕೊಟ್ಟಿದ್ದಳು. ಆಮೇಲೆ ಯಾರನ್ನು ಬೇಕಾದರೂ ಎತ್ತಿ ಆಚೆಗಿಡುವುದು ಎಷ್ಟರ ಮಾತು?

“ಸಂಜೆ ಗಿರಣಿಗೆ ಹೋಗಿ ಆ ಕೊನೇ ಸಾಲಿನ ಸ್ಪೀಕರ್ ಒಂಚೂರು ಜೋರು ಮಾಡು,” ಅಂದ ಯಜಮಾನ. “ಮಗ್ಗದ ಗದ್ದಲದಲ್ಲಿ ಅಲ್ಲಿ ಮಾತ್ರ ಹಾಡು ಸರಿಯಾಗಿ ಕೇಳಲ್ವಂತೆ.”

ಮನೆಯ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಚಿಕ್ಕಮ್ಮ ಡೋಲಿನ ಹಗ್ಗ ಬಿಗಿಯುತ್ತಿದ್ದಳು. ಹಗ್ಗದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಮೂರು ಬೆರಳಿನ ಬಲಗೈಯಲ್ಲಿ. ಆ ಕೈಯ ಎರಡು ಬೆರಳು ಗಿರಣಿಯಲ್ಲಿ ಹೋದವು ಅನ್ನುವುದಷ್ಟೇ ಹಾವುಗಿವಿಗೆ ಗೊತ್ತಿದ್ದದ್ದು. ಅಮ್ಮ ತೀರಿಕೊಂಡ ಮೇಲೆ ಆ ಮೂರು ಬೆರಳೇ ಅವಳ ತಲೆ ಬಾಚಿದ್ದು, ಅನ್ನ ಕಲಸಿ ಬಾಯಿಗಿಟ್ಟದ್ದು, ತಪ್ಪು ಮಾಡಿದಾಗ ಕಿವಿ ಹಿಂಡಿದ್ದು. ಗಿರಣಿಯ ಮಾತು ಎತ್ತಿದರೆ ಚಿಕ್ಕಮ್ಮ ಎದ್ದು ಹೋಗುತ್ತಿದ್ದಳು. ಅದಕ್ಕೇ ಅಲ್ಲಿ ಸ್ಪೀಕರ್ ಕಟ್ಟಿದ್ದನ್ನೂ ಇವಳು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಈಗ ಎಲ್ಲ ಹೇಳಿದಳು. ಅಳುತ್ತ ಹೇಳಿದಳು.

ಚಿಕ್ಕಮ್ಮ ಹಲ್ಲಿನಿಂದ ಹಗ್ಗ ಬಿಟ್ಟು ನಕ್ಕಳು. “ಅಯ್ಯೋ ಹುಚ್ಚೀ, ಇದಕ್ಕೆ ಇಷ್ಟು ಗೋಳಾ? ತೆಗೆದ್ರೆ ತೆಗೀಲಿ. ನನ್ನ ಡೋಲು ಇಲ್ಲೇ ಇದೆ, ಅವರೇನು ಹೊತ್ಕೊಂಡು ಹೋದ್ರಾ? ಆ ಪಿಟೀಲಿನ ಮುದುಕ ಬರಲಿ, ಒಂದು ಕೈ ನೋಡ್ಕೋತೀನಿ. ಡೋಲಿನವಳು ಒಪ್ಪಿದಳಂತೆ! ಪಕ್ಕದ ಬೀದಿಯಲ್ಲೇ ಇದ್ದಾನೆ, ಬಂದು ಕೇಳೋಕೆ ಕಾಲು ನೋಯುತ್ತಾ?”

“ಅದಲ್ಲ ಚಿಕ್ಕಮ್ಮ. ನಿನ್ನ ಡೋಲು ಬಿದ್ದ ಕೂಡಲೇ ಅವರೆಲ್ಲ ಮಗ್ಗ ನಿಲ್ಲಿಸಿದ್ರಂತೆ. ಯಾಕೆ ಅಂತ ಯಾರೂ ಹೇಳ್ತಿಲ್ಲ.”

ಚಿಕ್ಕಮ್ಮನ ನಗು ನಿಂತಿತು.

“ಎಲ್ಲಿ ಹಾಕಿದ್ರು ಹಾಡನ್ನ?”

“ಶೆಡ್ಡಲ್ಲಿ.”

“ಊಟದ ಹೊತ್ತಲ್ಲಿ ತಾನೇ? ಮಗ್ಗ ನಿಂತಿರುವಾಗ?”

“ಇಲ್ಲ, ಓಡ್ತಿರುವಾಗ. ಪಾಳಿ ಪೂರ್ತಿ.”

ಹಗ್ಗ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಬಿತ್ತು. ಡೋಲು ಹೋಯಿತು ಅಂದಾಗ ನಕ್ಕವಳು, ಈಗ ಎದೆ ಹಿಡಿದುಕೊಂಡಳು.

“ಪೆದ್ದಿ,” ಅಂದಳು. ಯಾರಿಗೆ ಅಂದದ್ದೋ ತಿಳಿಯಲಿಲ್ಲ. “ಈ ಬೆರಳು ಹೋದ ದಿನ ನಾನು ಎಷ್ಟು ಕಿರುಚಿದೆ ಗೊತ್ತೇನೇ? ಗಂಟಲು ಹರಿಯೋ ಹಾಗೆ ಕಿರುಚಿದೆ. ಚಕ್ರದ ಹಲ್ಲಿಗೆ ಕೈ ಸಿಕ್ಕಿತ್ತು, ನಿಲ್ಲಿಸೋ ಹಿಡಿ ಆ ಕಡೆ. ಪಕ್ಕದ ಮಗ್ಗದವಳು ಇಷ್ಟು ಹತ್ತಿರ, ಇಷ್ಟು! ಅವಳಿಗೆ ಕೇಳಲಿಲ್ಲ. ಆ ಗದ್ದಲದಲ್ಲಿ ಮನುಷ್ಯರ ಗಂಟಲಿಗೆ ಬೆಲೆಯೇ ಇಲ್ಲ. ಆಗ ಎಡಗೈಯಲ್ಲಿ ಆ ಪೆಟ್ಟಿಗೆ ಬಡಿದೆ. ನೂಲು ಸುತ್ತೋ ಕಂಡಿಕೆ ಖಾಲಿಯಾದ್ರೆ ಎಸೀತೀವಲ್ಲ, ಮರದ ಪೆಟ್ಟಿಗೆ, ಅದನ್ನ. ಎರಡು ಪೆಟ್ಟು ಹತ್ತಿರ, ಒಂದು ದೂರ, ಎರಡು ಹತ್ತಿರ. ಬೇಕು ಅಂತ ಹಾಗೆ ಬಡಿದದ್ದಲ್ಲ, ನೋವಿಗೆ ಕೈ ಹಾಗೆ ಬಿತ್ತು. ಅದು ಕೇಳ್ತು. ಅವಳು ಓಡಿ ಬಂದು ನಿಲ್ಲಿಸಿದ್ಲು. ಇಲ್ಲದಿದ್ರೆ ಮೊಣಕೈ ತನಕ ಹೋಗ್ತಿತ್ತು.”

ಮೆಟ್ಟಿಲ ಮೇಲೆ ಆ ಪೆಟ್ಟನ್ನು ಮೆಲ್ಲಗೆ ಬೆರಳಲ್ಲಿ ಆಡಿಸಿದಳು. ಹಾವುಗಿವಿ ಅದನ್ನು ತೊಟ್ಟಿಲಲ್ಲಿ ಕೇಳಿದ್ದಳು, ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳದ ಮೇಲೆ ಕೇಳಿದ್ದಳು, ಪ್ರತಿ ಹಾಡಿನ ತಿರುವಿನಲ್ಲೂ ಕೇಳಿದ್ದಳು. ಚಿಕ್ಕಮ್ಮನ ಕೈಗುಣ ಅಂದುಕೊಂಡಿದ್ದಳು.

“ಅವತ್ತಿಂದ ಅದೇ ನಮ್ಮ ಹೆಂಗಸರ ಕರೆ. ಹೊಸಬಳು ಬಂದ್ರೆ ಕೆಲಸ ಕಲಿಸೋಕೆ ಮುಂಚೆ ಅದನ್ನ ಕಲಿಸ್ತಾರೆ. ಆ ಪೆಟ್ಟು ಕೇಳಿದ್ರೆ ಯಾರದ್ದೋ ಕೈ ಸಿಕ್ಕಿದೆ, ನಿನ್ನ ಮಗ್ಗ ನಿಲ್ಲಿಸು, ಓಡು. ಮೇಲಿನವರಿಗೆ ಹೇಳಿಲ್ಲ. ಹೇಳಿದ್ರೆ, ಯಾರನ್ನ ಕೇಳಿ ಮಗ್ಗ ನಿಲ್ಲಿಸೋ ಕಾನೂನು ಮಾಡ್ಕೊಂಡ್ರಿ ಅಂತಾರೆ.” ಚಿಕ್ಕಮ್ಮ ಅವಳ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. “ನೀನು ಸದ್ದಿನ ಕಸುಬಿನವಳು. ನಿಜ ಹೇಳು. ನಿಮ್ಮ ಹಾಡು ಅಷ್ಟು ಜೋರಾಗಿ ಕೂಗ್ತಿರುವಾಗ ಯಾರಾದ್ರೂ ಪೆಟ್ಟಿಗೆ ಬಡಿದ್ರೆ, ಕೇಳುತ್ತಾ?”

ಅವಳು ಮನಸ್ಸಿನಲ್ಲೇ ಆ ಶೆಡ್ಡಿನೊಳಕ್ಕೆ ಹೋಗಿ ಕಿವಿಗೊಟ್ಟಳು.

ಮಗ್ಗದ ಗದ್ದಲಕ್ಕೆ ಒಂದು ಲಯವಿದೆ, ಲಯ ಇದ್ದ ಮೇಲೆ ನಡುವೆ ಸಂದೂ ಇರುತ್ತದೆ. ಪೆಟ್ಟಿಗೆಯ ಪೆಟ್ಟು ಬದುಕಿದ್ದದ್ದು ಆ ಸಂದಿನಲ್ಲಿ. ಈಗ ಆ ಸಂದಿನೊಳಕ್ಕೆ ಹಾಡು ಸುರಿಯುತ್ತಿತ್ತು. ಸ್ಟುಡಿಯೋದಲ್ಲಾದರೆ ಗೋಡೆ ಬಾಯಿಗೆ ಕಂಬಳಿ ತುರುಕಿದ್ದಳು. ಶೆಡ್ಡಿಗೆ ಯಾರು ಹೊದಿಸಿದ್ದರು? ಸಿಮೆಂಟು ಗೋಡೆ, ತಗಡು ಚಾವಣಿ. ಒಂದು ಸ್ವರ ಹೊರಟರೆ ಹತ್ತು ಕಡೆ ಬಡಿದು ಹತ್ತಾಗಿ ಬಂದು, ಇದ್ದ ಬದ್ದ ಸಂದನ್ನೆಲ್ಲ ಕೆಸರಿನ ಹಾಗೆ ತುಂಬಿಬಿಡುತ್ತದೆ. ಒಂದು ಸದ್ದು ಇನ್ನೊಂದನ್ನು ನುಂಗದ ಹಾಗೆ ಕಾಯುವುದೇ ಅವಳ ಕಸುಬು. ಆ ಕೈಯಿಂದಲೇ, ಶೆಡ್ಡಿನ ಒಂದು ಮೂಲೆಯೂ ತಪ್ಪಿಸಿಕೊಳ್ಳದ ಹಾಗೆ ಸ್ಪೀಕರುಗಳನ್ನು ಲೆಕ್ಕ ಹಾಕಿ ಹಾಕಿ ಕಟ್ಟಿ ಬಂದಿದ್ದಳು. ತಪ್ಪಿದ್ದ ಒಂದು ಕೊನೇ ಸಾಲನ್ನೂ ಸಂಜೆ ಸರಿಮಾಡಬೇಕಂತೆ.

“ಕೇಳಲ್ಲ,” ಅಂದಳು.

ಚಿಕ್ಕಮ್ಮ ಎದ್ದಳು. ಡೋಲನ್ನು ಒಳಗಿಟ್ಟಳು. ಚಪ್ಪಲಿ ಮೆಟ್ಟಿದಳು. “ನಡಿ.”

“ಡೋಲು ಬೇಡ್ವಾ?”

“ಪೆಟ್ಟಿಗೆ ಅಲ್ಲೇ ಇದೆ.”

ಗೇಟಿನ ಕಾವಲುಗಾರ ಹಾವುಗಿವಿಯನ್ನು ನೋಡಿ ತಲೆಯಾಡಿಸಿದ. ಚಿಕ್ಕಮ್ಮನನ್ನು ನೋಡಿ ಕೋಲು ಅಡ್ಡ ಹಿಡಿದ.

“ಇವರ್ಯಾರು?”

“ಸ್ಪೀಕರ್ ರಿಪೇರಿಗೆ. ನನ್ನ ಸಹಾಯಕಿ.”

“ಈ ವಯಸ್ಸಲ್ಲಾ?”

“ಏನು ಮಾಡೋದಪ್ಪಾ,” ಅಂದಳು ಚಿಕ್ಕಮ್ಮ, ಉಪಕರಣದ ಚೀಲವನ್ನು ಹೆಗಲಿಗೇರಿಸುತ್ತ. “ನಿಮ್ಮ ಗಿರಣಿಯಲ್ಲಿ ಎರಡು ಬೆರಳು ಮರೆತು ಹೋಗಿದ್ದೆ. ಸಿಕ್ಕಿದ್ರೆ ತಗೊಂಡು ಹೋಗೋಣ ಅಂತ.”

ಅವನು ನಗಬೇಕೋ ಬೇಡವೋ ತಿಳಿಯದೆ ಕೋಲು ತೆಗೆದ.

ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಸದ್ದು ಮುಖಕ್ಕೆ ಬಡಿಯಿತು. ಮಗ್ಗಗಳು ಹಲ್ಲು ಕಡಿಯುತ್ತಿದ್ದವು, ಅದರ ಮೇಲೆ ಕೊಳಲು, ಅದರ ಮೇಲೆ ಪಿಟೀಲು, ಇಷ್ಟೂ ಗೋಡೆಗೆ ಬಡಿದು ಮತ್ತೊಂದು ಸಲ. ಹೆಂಗಸರು ಬಾಗಿ ಕೆಲಸ ಮಾಡುತ್ತಿದ್ದರು. ಚಿಕ್ಕಮ್ಮ ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಅವಳ ಬಲಗೈ ತಾನಾಗಿ ಸೆರಗಿನೊಳಗೆ ಅಡಗಿತು. ಆಮೇಲೆ ಅದನ್ನು ಹೊರಗೆಳೆದುಕೊಂಡು, ನಡುಸಾಲಿನ ಒಂದು ಮಗ್ಗದ ಬಳಿ ಹೋಗಿ, ಪೆಟ್ಟಿಗೆಯ ಎದುರು ಕೂತಳು. ಆ ಮಗ್ಗದವಳು ನೂಲು ತರಲು ಹೋಗಿದ್ದಳು. ಪಕ್ಕದ ಮಗ್ಗದಲ್ಲಿ ಕೆಂಪು ಸ್ಕಾರ್ಫಿನ ಹುಡುಗಿಯೊಬ್ಬಳು ಹಾಡಿಗೆ ತಲೆದೂಗುತ್ತ ತಾನೂ ಗುನುಗುತ್ತಿದ್ದಳು.

ಚಿಕ್ಕಮ್ಮ ಬಡಿದಳು.

ಎರಡು ಹತ್ತಿರ, ಒಂದು ದೂರ, ಎರಡು ಹತ್ತಿರ. ಅಂಗೈ ಮೇಲೇಳುವುದು ಕಂಡಿತು, ಬೀಳುವುದು ಕಂಡಿತು. ಕೆಂಪು ಸ್ಕಾರ್ಫಿನವಳು ತಿರುಗಲಿಲ್ಲ. ಚಿಕ್ಕಮ್ಮ ಇನ್ನೂ ಜೋರಾಗಿ ಬಡಿದಳು. ಭುಜದಿಂದ ಬಡಿದಳು. ಸಾಲು ಸಾಲು ಬೆನ್ನುಗಳು ಹಾಗೇ ಬಾಗಿದ್ದವು. ಒಂದು ಬೆನ್ನೂ ಅಲುಗಲಿಲ್ಲ. ಅಷ್ಟೊಂದು ಕಿವುಡು ಬೆನ್ನುಗಳನ್ನು ಒಬ್ಬ ಹೆಂಗಸಿನ ಕಡೆ ತಿರುಗಿಸಿ ಬಿಗಿದವರು ಯಾರು? ಹಾವುಗಿವಿ ನಿಂತದ್ದು ಪೆಟ್ಟಿಗೆಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಅವಳಿಗೇ ಆ ಪೆಟ್ಟು ಕೇಳುತ್ತಿರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಕಿವಿಗಿಲ್ಲ. ಗಾಜಿನಾಚೆ ಯಾರೋ ಬಾಯಿ ಬಡಿದುಕೊಳ್ಳುತ್ತಿರುವ ಹಾಗೆ. ಈಗ ಅಲ್ಲಿ ಸಿಕ್ಕಿಕೊಂಡಿರುವುದು ನಿಜವಾಗಿ ಒಂದು ಕೈಯಾಗಿದ್ದರೆ? ಆ ಗುನುಗುವ ಹುಡುಗಿಯದೇ ಆಗಿದ್ದರೆ?

ಅವಳು ಓಡಿದಳು. ಮೇಸ್ತ್ರಿಯ ಕೋಣೆಯ ಬಾಗಿಲು ತಳ್ಳಿ, ಆಂಪ್ಲಿಫೈಯರಿನ ಹಿಂದೆ ಕೈ ಹಾಕಿ ವೈರನ್ನು ಒಂದೇ ಎಳೆತಕ್ಕೆ ಕಿತ್ತಳು.

ಹಾಡು ಬಿದ್ದುಹೋಯಿತು. ಮಗ್ಗಗಳ ಸದ್ದು ಒಂದೇ ಉಳಿಯಿತು. ಅದರ ಸಂದಿನಲ್ಲಿ, ಅಗೋ, ಮರದ ಪೆಟ್ಟು.

ಮೊದಲು ನಡುಸಾಲು ನಿಂತಿತು. ಆಮೇಲೆ ಅದರಾಚೆಯದು. ಆಮೇಲೆ ಗೋಡೆಯ ಪಕ್ಕದ್ದು. ಯಾರೋ ದೀಪ ಆರಿಸುತ್ತ ಹೋದ ಹಾಗೆ ಸಾಲು ಸಾಲಾಗಿ ಮಗ್ಗಗಳು ಸತ್ತವು. ಹಿಂದೆಯೇ ಕಾಲುಗಳು, ಓಡುವ ಕಾಲುಗಳು, ಕಂಬಕ್ಕೆ ಡಿಕ್ಕಿ ಹೊಡೆಯುವ ಮೈಗಳು, ಕೂಗು:

“ಯಾರ ಕೈ? ಯಾರ ಕೈ?”

“ಯಾರದೇ? ಎಡಗೈಯೋ ಬಲಗೈಯೋ?”

“ಬಟ್ಟೆ ತನ್ನಿ, ಬಟ್ಟೆ!”

ಕೆಂಪು ಸ್ಕಾರ್ಫಿನವಳು ಎಲ್ಲರಿಗಿಂತ ಮೊದಲು ತಿರುಗಿದಳು. ತನ್ನ ಬೆನ್ನಿಗೆ ಅಂಟಿದಷ್ಟು ಹತ್ತಿರ ಕೂತಿದ್ದ ಮುದುಕಿಯನ್ನು ಕಂಡು ಚೀರಿದಳು.

ಚಿಕ್ಕಮ್ಮ ಮೂರು ಬೆರಳಿನ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು.

“ನಂದು,” ಅಂದಳು. “ಹಳೇದು.”

ಗುಂಪಿನ ಹಿಂದಿನಿಂದ ನರೆಗೂದಲಿನವಳೊಬ್ಬಳು ಜನರನ್ನು ಸರಿಸಿಕೊಂಡು ಬಂದಳು. ಕೈಯನ್ನು ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು.

“ಅಕ್ಕಾ... ನೀನಾ?”

“ನಾನೇ ಕಣೇ. ಅವತ್ತು ನನ್ನ ಪೆಟ್ಟು ಕೇಳಿಸಿಕೊಂಡವಳು ನೀನು. ಇವತ್ತು ಯಾಕೆ ಕೇಳಿಸಲಿಲ್ಲ?”

“ಈಗ ತಾನೇ ಕೇಳ್ತಲ್ಲ, ಓಡಿ ಬಂದ್ನಲ್ಲ!”

“ಈಗ ತಾನೇ!” ಚಿಕ್ಕಮ್ಮ ಹಾವುಗಿವಿಯ ಕಡೆ ಕೈ ತೋರಿಸಿದಳು. “ಎಷ್ಟು ಹೊತ್ತಿಂದ ಬಡೀತಿದ್ದೀನಿ ಅಂತ ಅವಳನ್ನ ಕೇಳಿ.”

ಎಲ್ಲರೂ ತಿರುಗಿದರು.

“ಹಾಡು ಏರು ಹತ್ತಿ ಇಳಿಯೋ ಅಷ್ಟು ಹೊತ್ತು,” ಅಂದಳು ಹಾವುಗಿವಿ. “ಅಷ್ಟು ಹೊತ್ತೂ ಬಡಿದಳು. ಪಕ್ಕದಲ್ಲಿ ನಿಂತ ನನಗೇ ಕೇಳಲಿಲ್ಲ.”

ಕೆಂಪು ಸ್ಕಾರ್ಫಿನವಳು ನೆಲಕ್ಕೆ ಕುಸಿದು ಕೂತಳು. “ನಾನು ಹಾಡ್ತಿದ್ದೆ,” ಅಂದಳು. “ಇಲ್ಲೇ ಇದ್ದೆ, ಹಾಡ್ತಿದ್ದೆ.” ಅದನ್ನೇ ಮತ್ತೆ ಮತ್ತೆ ಅಂದಳು.

ಅಷ್ಟರಲ್ಲಿ ಮೇಸ್ತ್ರಿ ಹೊರಗಿನಿಂದ ಧಾವಿಸಿ ಬಂದ. “ಯಾರ್ರೀ ನಿಲ್ಲಿಸಿದ್ದು? ಮತ್ತೆ ನೂಲು ಕಡೀತಾ ಎಲ್ಲರದ್ದೂ? ಹಾಕ್ರೀ ಮಗ್ಗ!” ಯಾರೂ ಅಲುಗಲಿಲ್ಲ. ಅವನು ಕೋಣೆಗೆ ನುಗ್ಗಿ ವೈರು ಸಿಕ್ಕಿಸಿದ. ಹಾಡು ಮತ್ತೆ ಎದ್ದಿತು. ನಿಂತ ಮಗ್ಗಗಳ ಮೇಲೆ ಕೊಳಲು ಬಂತು, ಪಿಟೀಲು ಬಂತು, ಏರು ಹತ್ತಿತು, ಉಸಿರು ಹಿಡಿದು ನಿಂತಿತು. ಹೆಂಗಸರೆಲ್ಲ ತಲೆಯೆತ್ತಿ ಸ್ಪೀಕರ್ ನೋಡುತ್ತಿದ್ದರು. ಪಿಟೀಲು ಕಾದು ಕಾದು ತಾನೇ ಇಳಿಯಿತು.

“ಇಲ್ಲೇ ಅಲ್ವಾ ಅದು ಇದ್ದದ್ದು?” ಅಂದಳು ನರೆಗೂದಲಿನವಳು. “ಮೊನ್ನೆ ಇತ್ತಲ್ಲ? ಅದಕ್ಕೇ ತಾನೇ ನಾವು ನಿಲ್ಲಿಸಿದ್ದು?”

“ತೆಗೆಸಿದ್ರು,” ಅಂದಳು ಹಾವುಗಿವಿ. “ನೀವು ನಿಲ್ಲಿಸ್ತೀರಿ ಅಂತಲೇ ತೆಗೆಸಿದ್ರು.”

“ತೆಗೆದ್ರಾ? ಹಾಡಿಂದ ತೆಗೆಯೋಕೆ ಬರುತ್ತಾ ಅದನ್ನ?”

“ಬರುವ ಹಾಗೆ ಮಾಡಿಕೊಟ್ಟವಳು ನಾನೇ.”

ಅವಳು ಚಿಕ್ಕಮ್ಮನಿಂದ ಚೀಲ ತೆಗೆದುಕೊಂಡಳು. ಬೆಳಿಗ್ಗೆ ಬಿಟ್ಟುಹೋಗಿದ್ದ ಏಣಿಯನ್ನು ಮೊದಲ ಕಂಬಕ್ಕೆ ಒರಗಿಸಿ ಹತ್ತಿದಳು, ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು.

“ಏಯ್, ಏನು ಮಾಡ್ತಿದ್ದೀರಿ? ಇಳೀರಿ ಕೆಳಗೆ!” ಮೇಸ್ತ್ರಿ ಏಣಿ ಹಿಡಿದು ಅಲುಗಿಸಿದ. “ನಿಮ್ಮ ಯಜಮಾನರಿಗೆ ಫೋನ್ ಮಾಡ್ತೀನಿ. ಕೆಲಸ ಹೋಗುತ್ತೆ ನಿಮ್ಮದು!”

“ಮಾಡಿ. ಡೋಲಿನವಳು ಒಪ್ಪಿದ್ದಾಳೆ ಅಂತ ಹೇಳಿ, ಅವರಿಗೆ ಅರ್ಥ ಆಗುತ್ತೆ.”

ಏಣಿಯಿಂದ ಮೇಸ್ತ್ರಿಯ ಕೈ ಬಿಡಿಸಿದ್ದು ನರೆಗೂದಲಿನವಳು. ಆಮೇಲೆ ಇನ್ನೊಂದು ಕೈ ಬಂತು, ಮತ್ತೊಂದು ಬಂತು. ಏಣಿಯ ಕಾಲಿಗೆ ಜಾಗ ಸಾಲದಷ್ಟು ಕೈಗಳು ಬಂದವು. “ಅಣ್ಣಾ, ನೀವು ಹೊರಗಿರಿ. ಇದು ಮುಗಿಯೋ ತನಕ ಒಂದು ಮಗ್ಗವೂ ಏಳಲ್ಲ,” ಅಂದರು. ಕೂಗಿ ಹೇಳಲಿಲ್ಲ. ಮಗ್ಗಗಳು ನಿಂತಿದ್ದವಲ್ಲ, ಕೂಗುವ ಅಗತ್ಯವಿರಲಿಲ್ಲ. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಆ ಹೆಂಗಸರ ದನಿಯನ್ನು ಶೆಡ್ಡಿನೊಳಗೆ ಅವನು ಇಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲಿರಬೇಕು.

ಕಂಬ ಕಂಬಕ್ಕೂ ಏಣಿ ಸಾಗಿತು. ಒಂದೊಂದು ಸ್ಪೀಕರ್ ಇಳಿದಂತೆ ಹಾಡು ಒಂದೊಂದು ಮೂಲೆಯಿಂದ ಹಿಂದೆ ಸರಿಯಿತು. ಕೊನೆಗೆ ಎಲ್ಲೋ ದೂರದ ಕೋಣೆಯಲ್ಲಿ ಯಾರೋ ನುಡಿಸುತ್ತಿದ್ದಾರೇನೋ ಅನ್ನುವಷ್ಟಾಗಿ, ಅದೂ ನಿಂತಿತು. ಕೊನೆಯ ಸ್ಪೀಕರನ್ನು ಅವಳು ನೆಲಕ್ಕೆ ಬೋರಲು ಹಾಕಿದಳು. ಅದರ ಪಕ್ಕದಲ್ಲೇ ಕೂತಳು. ನಾಳೆಯಿಂದ ಸ್ಟುಡಿಯೋದ ಬಾಗಿಲು ತನಗೆ ತೆರೆಯುವುದಿಲ್ಲ ಅನ್ನುವುದು ಆಗ ಹೊಳೆಯಿತು. ಹೊಳೆದರೂ, ಆ ಹೊತ್ತಿಗೆ ಅವಳ ಕಿವಿ ಇನ್ನೇನಕ್ಕೋ ಕಾಯುತ್ತಿತ್ತು.

ಹೆಂಗಸರು ತಂತಮ್ಮ ಜಾಗಕ್ಕೆ ಹೋದರು. ಮಗ್ಗಗಳು ಒಂದೊಂದಾಗಿ ಎದ್ದವು. ಗದ್ದಲ ಮತ್ತೆ ಚಾವಣಿ ಮುಟ್ಟಿತು.

ಆಗ ಶೆಡ್ಡಿನ ಅಷ್ಟು ದೂರದ ಮೂಲೆಯಿಂದ ಪೆಟ್ಟು ಕೇಳಿತು. ಎರಡು ಹತ್ತಿರ, ಒಂದು ದೂರ, ಎರಡು ಹತ್ತಿರ.

ಅಷ್ಟೂ ಬೆನ್ನುಗಳು ತಿರುಗಿದವು. ಮಗ್ಗಗಳು ಸಾಲಾಗಿ ನಿಂತವು. ತನ್ನ ಮಗ್ಗ ಬಿಟ್ಟು ಆ ಮೂಲೆಗೆ ಹೋಗಿ, ಅಲ್ಲಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೆಂಪು ಸ್ಕಾರ್ಫಿನವಳು ಬೆಪ್ಪಾಗಿ ನಿಂತಿದ್ದಳು. ಇಷ್ಟು ಮುಖಗಳು ಒಮ್ಮೆಲೇ ತನ್ನ ಕಡೆ ತಿರುಗುತ್ತವೆ ಅಂತ ಅವಳೂ ಎಣಿಸಿರಲಿಲ್ಲ.

“ಏನಿಲ್ಲ, ಏನಿಲ್ಲ!” ಕೂಗಿದಳು, ಎರಡೂ ಕೈ ಎತ್ತಿ ಹತ್ತೂ ಬೆರಳು ತೋರಿಸುತ್ತ. “ಸುಮ್ನೆ! ಕೇಳುತ್ತಾ ನೋಡೋಣ ಅಂತ!”

ಚಿಕ್ಕಮ್ಮ ಸೆರಗು ಬಿಗಿದು, ಸಾಲುಗಳ ನಡುವೆ ದಾಪುಗಾಲು ಹಾಕುತ್ತ ಅವಳ ಕಡೆ ನಡೆದಳು.

“ಕೇಳ್ತು,” ಅಂದಳು. “ಇನ್ನೊಂದು ಸಲ ಸುಮ್ನೆ ಬಡಿದು ನೋಡು, ಆ ಕೈ ನಾನೇ ಮುರೀತೀನಿ.”